ತಲೆಯೊಳಗಿನ ಹರಿವು ಅಳೆಸಲು ಬರುವ ನಮ್ಮ ಕಡೆಯವರಿಗೆ

ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಮನೆಯ ಹಿರಿಯರನ್ನು ಕರೆದುಕೊಂಡು ಹೈದರಾಬಾದಿಗೆ ಬರುವ ಬಂಧುಗಳಿಗೆ ಶರಣು.

ನಾನು ಈ ಊರಿನ ಸ್ಕ್ಯಾನಿಂಗ್ ಸೆಂಟರೊಂದರಲ್ಲಿ ಎಂಆರ್‌ಐ ಯಂತ್ರ ನಡೆಸುವವನು. ಹುಟ್ಟೂರು ಭಾಲ್ಕಿ ಕಡೆ. ಡಾಕ್ಟರಲ್ಲ, ಆದ್ದರಿಂದ ಯಾವ ಗುಳಿಗೆ ನುಂಗಬೇಕೆಂದು ಈ ಪತ್ರದಲ್ಲಿ ಹುಡುಕಬೇಡಿ. ಯಂತ್ರ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಅನ್ನುವುದಷ್ಟೇ ನನ್ನ ಕಸುಬು. ಕಾಯುವ ಜಾಗದಲ್ಲಿ ಕನ್ನಡ ಕಿವಿಗೆ ಬಿದ್ದರೆ ನಾನೇ ಹೊರಗೆ ಬಂದು ಮಾತಾಡಿಸುತ್ತೇನೆ. ಆಗ ಬರುವ ಮಾತು ಹೆಚ್ಚುಕಡಿಮೆ ಒಂದೇ: ‘ಅಪ್ಪಗ ಲಕ್ವಾ ಹೊಡದದರಿ. ತಲ್ಯಾಗ ರಗತ ಹರಿತದೋ ಇಲ್ಲೋ, ಆ ಕಲರ್ ಫೋಟೊ ತೆಗದ್ಬಿಡ್ರಿ.’ ಆ ಕಲರ್ ಫೋಟೊದ ಬಗ್ಗೆಯೇ ಈ ಪತ್ರ.

ಕಹಿ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಾಯಿ ಸೊಟ್ಟಗಾಗಿ, ಒಂದು ಕೈ ಜೋತುಬಿದ್ದು, ಮಾತು ತೊದಲಿದ ಆ ಗಳಿಗೆಯಲ್ಲಿ ಕಾರು ಹತ್ತಿಸಿ ಸೀದಾ ಹೈದರಾಬಾದಿಗೆ ಹೊರಡಬೇಡಿ. ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ. ಬೀದರಿನಿಂದ ಇಲ್ಲಿಗೆ ನೂರೈವತ್ತು ಕಿಲೋಮೀಟರಿನ ಆಸುಪಾಸು, ಕಲಬುರಗಿಯಿಂದ ಇನ್ನೂರಕ್ಕೂ ಹೆಚ್ಚು. ಜಹೀರಾಬಾದ್ ದಾಟಿ, ಸಂಗಾರೆಡ್ಡಿ ದಾಟಿ, ಪಟಾನ್‌ಚೆರುವಿನ ಲಾರಿಗಳ ನಡುವೆ ಸಿಕ್ಕಿಕೊಂಡು, ದೊಡ್ಡ ಆಸ್ಪತ್ರೆಯ ಬಾಗಿಲಿಗೆ ಬಂದು, ಚೀಟಿ ಮಾಡಿಸುವಷ್ಟರಲ್ಲಿ ಆ ಅವಧಿ ರಸ್ತೆಯಲ್ಲೇ ಮುಗಿದಿರುತ್ತದೆ. ಆ ಇಂಜೆಕ್ಷನ್ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಕಲರ್ ಫೋಟೊ ಬೇಕಾಗಿಲ್ಲ. ಬೇಕಾದದ್ದು ಒಂದು ಸಾದಾ ಸಿ.ಟಿ. ಅದು ಉತ್ತರಿಸಬೇಕಾದ ಮುಖ್ಯ ಪ್ರಶ್ನೆಯೂ ಒಂದೇ: ತಲೆಯೊಳಗೆ ರಕ್ತ ಸೋರಿದೆಯೋ, ಇಲ್ಲವೋ. ಸೋರಿದ್ದರೆ ಹೆಪ್ಪು ಕರಗಿಸುವ ಔಷಧ ಕೊಡುವಂತಿಲ್ಲ. ಸೋರಿಲ್ಲದಿದ್ದರೆ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ನಿಮ್ಮ ಜಿಲ್ಲೆಯಲ್ಲಿ ಸಿ.ಟಿ. ಯಂತ್ರ ಎಲ್ಲಿದೆ, ರಾತ್ರಿ ಹೊತ್ತು ನಡೆಸುವವರು ಇರುತ್ತಾರೆಯೇ, ಆ ಇಂಜೆಕ್ಷನ್ ಯಾರ ಬಳಿ ಇರುತ್ತದೆ ಅನ್ನುವುದನ್ನು ಎಲ್ಲರೂ ಗಟ್ಟಿಮುಟ್ಟಾಗಿರುವಾಗಲೇ ವಿಚಾರಿಸಿ ಇಟ್ಟುಕೊಳ್ಳಿ. ಹೈದರಾಬಾದು ಆಮೇಲೆಯೂ ಇಲ್ಲೇ ಇರುತ್ತದೆ.

ಹಾಗಾದರೆ ಹರಿವು ಅಳೆಯುವುದು ಯಾತಕ್ಕೆ? ಮೆದುಳಿನ ತೂಕ ದೇಹದ ತೂಕದಲ್ಲಿ ಶೇ. 2ರಷ್ಟು ಮಾತ್ರ, ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಹೋಗುತ್ತದೆ. ಅದರ ಹತ್ತಿರ ಉಗ್ರಾಣವಿಲ್ಲ. ಬಂದದ್ದನ್ನು ಬಂದಂತೆ ಉಣ್ಣುತ್ತದೆ. ಆರೋಗ್ಯವಂತರಲ್ಲಿ 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ಅದು 20ರ ಕೆಳಗೆ ಇಳಿದರೆ ಜೀವಕೋಶಗಳು ಕೆಲಸ ನಿಲ್ಲಿಸುತ್ತವೆ, ಆದರೆ ಕೂಡಲೇ ಸಾಯುವುದಿಲ್ಲ. 10ರ ಆಸುಪಾಸಿಗೆ ಇಳಿದರೆ ಸಾಯತೊಡಗುತ್ತವೆ. ಈ ಎರಡು ಅಂಕಿಗಳ ನಡುವೆ, ಕುಟುಕು ಜೀವ ಹಿಡಿದುಕೊಂಡು ಕೂತಿರುವ ಭಾಗವೊಂದು ಇರುತ್ತದೆ. ಕೈ ಎತ್ತಲಾಗದ ಅಪ್ಪನ ಮೆದುಳಿನಲ್ಲಿ ಕೈಗೆ ಸಂಬಂಧಿಸಿದ ಜಾಗ ಸತ್ತಿರಬಹುದು, ಇಲ್ಲವೇ ಸುಮ್ಮನೆ ಮೂಕವಾಗಿರಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಹೆಪ್ಪು ಕಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಸಾದಾ ಸಿ.ಟಿ.ಯಲ್ಲಿಯೂ ಎಷ್ಟೋ ಸಲ ಎರಡೂ ಒಂದೇ. ಅವನ್ನು ಬೇರೆಬೇರೆ ಮಾಡಿ ತೋರಿಸುವುದು ಹರಿವಿನ ಚಿತ್ರ.

1940ರ ದಶಕದಲ್ಲಿ ಅಮೆರಿಕದ ಸೇಮೂರ್ ಕೆಟಿ ಮತ್ತು ಕಾರ್ಲ್ ಶ್ಮಿಟ್ ಮನುಷ್ಯರಲ್ಲಿ ಈ ಹರಿವನ್ನು ಮೊದಲ ಬಾರಿಗೆ ಸರಿಯಾದ ಲೆಕ್ಕಕ್ಕೆ ತಂದಾಗ, ನೈಟ್ರಸ್ ಆಕ್ಸೈಡ್ ಉಸಿರಾಡಿಸಿ, ಕುತ್ತಿಗೆಯಲ್ಲಿ ಮೆದುಳಿನಿಂದ ರಕ್ತ ವಾಪಸಾಗುವ ದೊಡ್ಡ ನಾಳಕ್ಕೇ ಸೂಜಿ ಇಳಿಸಬೇಕಾಗಿತ್ತು. ಅಷ್ಟು ಮಾಡಿದರೂ ಸಿಗುತ್ತಿದ್ದುದು ಇಡೀ ಮೆದುಳಿಗೆ ಒಂದೇ ಸರಾಸರಿ. ಈಗ ಕುತ್ತಿಗೆಗೆ ಸೂಜಿಯಿಲ್ಲ, ಜಾಗ ಜಾಗದ ಲೆಕ್ಕ ಬೇರೆ ಬೇರೆ ಸಿಗುತ್ತದೆ. ಅದಕ್ಕೆ ದಾರಿ ಒಂದಲ್ಲ, ಮೂರು ನಾಲ್ಕು ಇವೆ. ನೀವು ‘ಕಲರ್ ಫೋಟೊ’ ಅಂದಾಗ ಯಾವುದು ಅನ್ನುವುದು ನಮಗೂ ಗೊತ್ತಾಗುವುದಿಲ್ಲ.

ತುರ್ತಿನಲ್ಲಿ ಹೆಚ್ಚಾಗಿ ನಡೆಯುವುದು ಸಿ.ಟಿ. ಪರ್ಫ್ಯೂಷನ್. ಕೈಯ ನರಕ್ಕೆ ಅಯೋಡಿನ್ ಇರುವ ಡೈ ಬಿಡುತ್ತಾರೆ, ಯಂತ್ರ ಒಂದು ನಿಮಿಷದ ತನಕ ಅದೇ ಜಾಗವನ್ನು ಮತ್ತೆ ಮತ್ತೆ ನೋಡುತ್ತದೆ. ಎಷ್ಟು ಡೈ ಬಂತು, ದಾಟಿಹೋಗಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಎಣಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಹರಿವು ಸಿಗುತ್ತದೆ. ಹಾಗಾಗಿ ನಿಮ್ಮ ಕೈಗೆ ಬರುವ ಕೆಂಪು, ಹಸಿರು, ನೀಲಿ ಮೆದುಳಿನ ಬಣ್ಣಗಳಲ್ಲ, ಭಾಗಾಕಾರದ ಬಣ್ಣಗಳು. ಒಂದೇ ಹಾಳೆಯ ಮೇಲೆ ಒಂದು ಚಿತ್ರದಲ್ಲಿ ಕೆಂಪೆಂದರೆ ಹರಿವು ಚೆನ್ನಾಗಿರುವ ಜಾಗ, ಪಕ್ಕದ ಚಿತ್ರದಲ್ಲಿ ಕೆಂಪೆಂದರೆ ರಕ್ತ ತಡವಾಗಿ ತಲುಪಿದ ಜಾಗ. ಮೊಬೈಲಿನಲ್ಲಿ ಅದರ ಫೋಟೊ ತೆಗೆದು ವಾಟ್ಸಾಪಿನಲ್ಲಿ ಊರಿಗೆ ಕಳಿಸಿ, ‘ಪೂರಾ ಕೆಂಪಾಗ್ಯಾದ’ ಎಂದು ಅಳುವ ಮನೆಗಳನ್ನು ನೋಡಿದ್ದೇನೆ. ದಯವಿಟ್ಟು ಆ ಹಾಳೆಯನ್ನು ಡಾಕ್ಟರ ಮುಂದೆ ಇಟ್ಟು, ಇದು ಪ್ರಮಾಣದ ಚಿತ್ರವೋ ಸಮಯದ ಚಿತ್ರವೋ ಎಂದು ಕೇಳಿ.

ಈ ಚಿತ್ರಕ್ಕೆ ನಿಜವಾದ ಬೆಲೆ ಬಂದದ್ದು 2018ರಲ್ಲಿ ಪ್ರಕಟವಾದ ಡಾನ್, ಡಿಫ್ಯೂಸ್-3 ಎಂಬ ಎರಡು ಅಧ್ಯಯನಗಳಿಂದ. ಮೆದುಳಿನ ದೊಡ್ಡ ನಾಳವೇ ಮುಚ್ಚಿಕೊಂಡಿದ್ದು, ಉಳಿಯಬಲ್ಲ ಭಾಗ ಇನ್ನೂ ಇದೆ ಎಂದು ಚಿತ್ರದಿಂದ ಆರಿಸಿದ ರೋಗಿಗಳಲ್ಲಿ, ನಾಳದೊಳಗೆ ತಂತಿ ತೂರಿಸಿ ಹೆಪ್ಪು ತೆಗೆಯುವ ಚಿಕಿತ್ಸೆ ಒಂದರಲ್ಲಿ 16 ಗಂಟೆಯವರೆಗೆ, ಇನ್ನೊಂದರಲ್ಲಿ 24 ಗಂಟೆಯವರೆಗೆ ಫಲ ಕೊಟ್ಟಿತು. ಹೈದರಾಬಾದಿನಂಥ ಊರಿನ ಆಸರೆ ಬೇಕಾಗುವುದು ಇಲ್ಲಿ. ನಿಮ್ಮೂರಿನ ಸಿ.ಟಿ. ಆಗಿ, ಕೊಡುವುದಾದರೆ ಇಂಜೆಕ್ಷನ್ನೂ ಆಗಿ, ದೊಡ್ಡ ನಾಳ ಮುಚ್ಚಿದೆ ಎಂಬ ಅನುಮಾನ ಬಂದು ಅಲ್ಲಿನ ಡಾಕ್ಟರೇ ಕಳಿಸಿದರೆ ತಡಮಾಡದೆ ಹೊರಡಿ. 24 ಗಂಟೆ ಇದೆಯಲ್ಲ ಎಂದು ನಿಧಾನ ಮಾಡುವವರಿಗೂ ಒಂದು ಮಾತು: ಆ ಅವಧಿ ಎಲ್ಲರಿಗೂ ಸಿಗುವುದಿಲ್ಲ. ಎಷ್ಟೋ ಮೆದುಳುಗಳಲ್ಲಿ ಕುಟುಕು ಜೀವ ಎರಡು ಮೂರು ಗಂಟೆಗೇ ಹೋಗಿರುತ್ತದೆ.

ಇನ್ನು ಈ ಊರಿನದೇ ಒಂದು ವಿಷಯ. ಪಂಜಾಗುಟ್ಟದ ನಿಮ್ಸ್ ಆಸ್ಪತ್ರೆಯಲ್ಲಿ ನರರೋಗ ತಜ್ಞ ಸುಭಾಷ್ ಕೌಲ್ ಮತ್ತು ಜೊತೆಗಾರರು ಲಕ್ವ ಹೊಡೆದವರ ದಾಖಲೆಯನ್ನು ವರ್ಷಗಟ್ಟಲೆ ಇಟ್ಟರು. 2002ರಲ್ಲಿ ಪ್ರಕಟವಾದ ಆ ಹೈದರಾಬಾದ್ ದಾಖಲೆಯಲ್ಲಿ ಕಂಡದ್ದು ಇದು: ಪಾಶ್ಚಾತ್ಯರಲ್ಲಿ ಕುತ್ತಿಗೆಯ ನಾಳಗಳಲ್ಲಿ ಕೊಬ್ಬು ಕಟ್ಟುವುದು ಹೆಚ್ಚಾದರೆ, ನಮ್ಮ ಜನರಲ್ಲಿ ತಲೆಬುರುಡೆಯ ಒಳಗಿನ ನಾಳಗಳೇ ಹೆಚ್ಚಾಗಿ ಇಕ್ಕಟ್ಟಾಗುತ್ತವೆ. ನನ್ನ ಮಟ್ಟಿಗೆ, ನೀವು ಈ ಪತ್ರದಿಂದ ಒಂದೇ ವಿಷಯ ಮನೆಗೆ ಒಯ್ಯುವುದಾದರೆ ಇದನ್ನು ಒಯ್ಯಿರಿ. ಯಾಕೆಂದರೆ ಊರುಗಳಲ್ಲಿ ಸುಲಭವಾಗಿ ಆಗುವುದು ಕುತ್ತಿಗೆಯ ಡಾಪ್ಲರ್. ಅದು ನಾರ್ಮಲ್ ಬಂದರೆ ‘ನರ ಎಲ್ಲ ಚಲೋ ಅವ’ ಎಂದು ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತೇವೆ. ಕುತ್ತಿಗೆ ಚಲೋ ಇದೆ, ಸರಿ. ತಲೆಯೊಳಗಿನ ನಾಳಗಳನ್ನು ಯಾರಾದರೂ ನೋಡಿದರೇ? ಸಿ.ಟಿ. ಆಂಜಿಯೊ, ಎಂ.ಆರ್. ಆಂಜಿಯೊ, ಇಲ್ಲವೇ ತಲೆಯ ಡಾಪ್ಲರ್ ಆಗಿದೆಯೇ? ಈ ಪ್ರಶ್ನೆಯನ್ನು ನಾಚಿಕೆಯಿಲ್ಲದೆ ಕೇಳಿ.

ತಲೆಯ ಡಾಪ್ಲರ್ ಅಂದೆನಲ್ಲ, ಅದು ಎಲ್ಲಕ್ಕಿಂತ ಬಡವರ ಯಂತ್ರ. ನನಗೆ ಅದರ ಮೇಲೆ ಸ್ವಲ್ಪ ಪಕ್ಷಪಾತವೂ ಇದೆ. ಡೈ ಇಲ್ಲ, ಎಕ್ಸ್-ರೇ ಇಲ್ಲ, ಸುರಂಗದಂಥ ಯಂತ್ರದೊಳಗೆ ಮಲಗುವುದಿಲ್ಲ. ಕಿವಿಯ ಮುಂದೆ ಕಣತಲೆಯ ಹತ್ತಿರ ಬುರುಡೆಯ ಮೂಳೆ ತೆಳ್ಳಗಿರುವ ಒಂದು ಜಾಗವಿದೆ. ಅಲ್ಲಿ ಜೆಲ್ ಹಚ್ಚಿ, ಪೆನ್ನಿನಂಥ ಉಪಕರಣ ಇಟ್ಟು, ಕಿವಿಗೆ ಕೇಳಿಸದ ಶಬ್ದವನ್ನು ಒಳಗೆ ಕಳಿಸುತ್ತಾರೆ. ಹರಿಯುವ ರಕ್ತಕಣಗಳಿಗೆ ಬಡಿದು ಅದು ಸ್ವಲ್ಪ ಬದಲಾಗಿ ವಾಪಸು ಬರುತ್ತದೆ, ಆ ಬದಲಾವಣೆಯಿಂದ ರಕ್ತದ ವೇಗ ಗೊತ್ತಾಗುತ್ತದೆ. ನಾರ್ವೆಯ ರೂನೆ ಆಸ್ಲಿಡ್ ಮತ್ತು ಸಂಗಡಿಗರು ಇದನ್ನು 1982ರಲ್ಲಿ ತೋರಿಸಿಕೊಟ್ಟರು. ಮಂಚದ ಪಕ್ಕಕ್ಕೇ ತರಬಹುದು, ದಿನಾ ಮಾಡಬಹುದು. ಕೊರತೆಯೂ ಇದೆ: ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಆ ಮೂಳೆ ದಪ್ಪಗಾಗಿ ಎಷ್ಟೋ ಸಲ ಶಬ್ದ ಒಳಗೆ ಹೋಗುವುದೇ ಇಲ್ಲ. ಅದು ನಡೆಸುವವರ ಕೈಗುಣದ ಮೇಲೂ ನಿಂತಿದೆ.

ಇಲ್ಲಿ ಜನ ಎಡವುವ ಜಾಗ ಒಂದಿದೆ. ಈ ಯಂತ್ರ ಅಳೆಯುವುದು ರಕ್ತದ ವೇಗವನ್ನು, ಪ್ರಮಾಣವನ್ನಲ್ಲ. ಮೆದುಳಿನ ನಡು ನಾಳದಲ್ಲಿ ಸರಾಸರಿ ವೇಗ ಸೆಕೆಂಡಿಗೆ 60 ಸೆಂಟಿಮೀಟರಿನ ಆಸುಪಾಸು ಇರುತ್ತದೆ. ರಿಪೋರ್ಟಿನಲ್ಲಿ 130, 150 ಕಂಡವರು ‘ರಗತ ಜೋರ ಹರಿಲಿಕ್ಕತ್ತದ’ ಎಂದು ಖುಷಿಪಡುತ್ತಾರೆ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರಕ್ಕೆ ಚಿಮ್ಮುತ್ತದೆ, ಬಕೆಟ್ ಮಾತ್ರ ಬೇಗ ತುಂಬುವುದಿಲ್ಲ. ಇಕ್ಕಟ್ಟಾದ ನಾಳದ ಅಂಕಿ ದೊಡ್ಡದು, ಸುದ್ದಿ ಕೆಟ್ಟದ್ದು.

ಮಕ್ಕಳಲ್ಲಿ ಈ ಅಂಕಿ ಪ್ರಾಣ ಉಳಿಸಿದೆ. ಕುಡಗೋಲು ಕಣದ ರೋಗ, ಅಂದರೆ ಸಿಕಲ್ ಸೆಲ್ ಇರುವ ಮಕ್ಕಳಲ್ಲಿ ಈ ವೇಗ ಸೆಕೆಂಡಿಗೆ 200 ಸೆಂ.ಮೀ. ದಾಟಿದರೆ ಲಕ್ವದ ಅಪಾಯ ಬಹಳ ಹೆಚ್ಚು. ಅಂಥ 130 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿಯಮಿತವಾಗಿ ರಕ್ತ ಕೊಟ್ಟ ಗುಂಪಿನಲ್ಲಿ ಒಂದು ಮಗುವಿಗೆ ಲಕ್ವ ಹೊಡೆಯಿತು, ಕೊಡದ ಗುಂಪಿನಲ್ಲಿ ಹನ್ನೊಂದು ಮಕ್ಕಳಿಗೆ. ಈ ರೋಗ ತೆಲಂಗಾಣದ ಆದಿಲಾಬಾದಿನ ಆದಿವಾಸಿಗಳಲ್ಲೂ ಇದೆ, ನಮ್ಮ ಕರ್ನಾಟಕದ ಸೋಲಿಗರು, ಜೇನುಕುರುಬರಲ್ಲೂ ಇದೆ. ಅವರ ಹಾಡಿಗಳಿಗೆ ಈ ಪೆನ್ನು ಎಷ್ಟು ತಲುಪಿದೆ ಎಂದು ಕೇಳಬೇಕಾದ್ದು ನಿಮ್ಮನ್ನಲ್ಲ, ಸರಕಾರವನ್ನು.

ಈಗ ನನ್ನ ಯಂತ್ರಕ್ಕೆ ಬರುತ್ತೇನೆ. ಎಂಆರ್‌ಐನಲ್ಲಿ ಆರ್ಟೀರಿಯಲ್ ಸ್ಪಿನ್ ಲೇಬಲಿಂಗ್ ಎಂಬ ವಿಧಾನವಿದೆ, ನಾವು ಎ.ಎಸ್.ಎಲ್. ಅನ್ನುತ್ತೇವೆ. ಸೂಜಿಯೇ ಇಲ್ಲ, ಡೈಯೂ ಇಲ್ಲ. ಕಿಡ್ನಿ ಕೆಟ್ಟವರಿಗೆ, ಮಕ್ಕಳಿಗೆ, ಪದೇ ಪದೇ ಅಳೆಸಬೇಕಾದವರಿಗೆ ಇದು ವರ. ರಕ್ತದಲ್ಲಿರುವ ನೀರನ್ನೇ ಡೈಯಂತೆ ಬಳಸಿಕೊಳ್ಳುವುದು ಇದರ ಜಾಣತನ. ಕುತ್ತಿಗೆಯಲ್ಲಿ ಮೇಲಕ್ಕೆ ಹೊರಟ ರಕ್ತದ ನೀರಿನ ಕಣಗಳನ್ನು ರೇಡಿಯೊ ಅಲೆಯಿಂದ ತಲೆಕೆಳಗು ಮಾಡಿ ಗುರುತು ಹಚ್ಚುತ್ತೇವೆ. ಎರಡು ಸೆಕೆಂಡಿನಷ್ಟು ಕಾದು, ಅವು ಮೆದುಳಿಗೆ ತಲುಪಿದ ಮೇಲೆ ಚಿತ್ರ ತೆಗೆಯುತ್ತೇವೆ. ಗುರುತು ಹಚ್ಚದೆ ಇನ್ನೊಂದು ಚಿತ್ರ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಹೊಸದಾಗಿ ಬಂದ ರಕ್ತ. 1992ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಜಾನ್ ಡೆಟ್ರೆ, ಅಲನ್ ಕೊರೆಟ್ಸ್ಕಿ ಮತ್ತು ಸಂಗಡಿಗರು ಇಲಿಗಳ ಮೇಲೆ ಇದನ್ನು ಮಾಡಿ ತೋರಿಸಿದರು.

ಆ ವ್ಯತ್ಯಾಸ ಬಲು ಸಣ್ಣದು, ಒಟ್ಟು ಸಿಗ್ನಲ್ಲಿನಲ್ಲಿ ಶೇ. 1ರ ಆಸುಪಾಸು. ಅದಕ್ಕೇ ನಾಲ್ಕೈದು ನಿಮಿಷ ಅದೇ ಜೋಡಿ ಚಿತ್ರವನ್ನು ಹತ್ತಾರು ಸಲ ತೆಗೆದು ಸರಾಸರಿ ಮಾಡುತ್ತೇವೆ. ‘ಅಲುಗಾಡಬ್ಯಾಡ್ರಿ ಕಾಕಾ’ ಎಂದು ನಾನು ಮೈಕಿನಲ್ಲಿ ಗೋಗರೆಯುವುದು ಅದಕ್ಕೇ. ಮಗ್ಗುಲಿಗೆ ಒಂದು ಬೆರಳಿನಷ್ಟು ತಲೆ ಜರುಗಿಸಿದರೆ ಶೇ. 1ರ ಲೆಕ್ಕ ಗಾಳಿಗೆ ಹೋಯಿತು.

ಇದಕ್ಕಿಂತ ದೊಡ್ಡ ತೊಡಕು ಕಾಯುವ ಸಮಯದ್ದು. ಹಚ್ಚಿದ ಗುರುತು ಸೆಕೆಂಡುಗಳಲ್ಲಿ ಅಳಿಸಿಹೋಗುತ್ತದೆ, ಹೆಚ್ಚು ಹೊತ್ತು ಕಾಯುವಂತಿಲ್ಲ. ನಾಳ ಇಕ್ಕಟ್ಟಾಗಿದ್ದರೆ ರಕ್ತ ಸುತ್ತಿ ಬಳಸಿ ತಡವಾಗಿ ಬರುತ್ತದೆ. ಆಗ ಚಿತ್ರದಲ್ಲಿ ಆ ಜಾಗ ಕಪ್ಪಗೆ ಕಾಣುತ್ತದೆ. ಹರಿವು ಇಲ್ಲವೆಂದಲ್ಲ, ನಾವು ಚಿತ್ರ ತೆಗೆದಾಗ ಅದು ಇನ್ನೂ ದಾರಿಯಲ್ಲಿತ್ತು. ತಲೆಯೊಳಗಿನ ನಾಳಗಳ ಇಕ್ಕಟ್ಟು ನಮ್ಮವರಲ್ಲಿ ಹೆಚ್ಚು ಎಂದು ನಿಮ್ಸ್ ದಾಖಲೆ ಹೇಳಿದ ಮೇಲೆ, ಈ ಮೋಸ ನಮ್ಮವರ ಚಿತ್ರದಲ್ಲೇ ಹೆಚ್ಚು ಆಗಬಹುದಲ್ಲವೇ? ಒಳ್ಳೆಯ ರೇಡಿಯಾಲಜಿಸ್ಟರು ಇದನ್ನು ಬಲ್ಲರು. ಪಕ್ಕದಲ್ಲಿ ಆಂಜಿಯೊ ಇಟ್ಟುಕೊಂಡು ಓದುತ್ತಾರೆ. ಎ.ಎಸ್.ಎಲ್. ಒಂದನ್ನೇ ಮಾಡಿಸಿಕೊಂಡು ಹೋಗುವುದರಲ್ಲಿ ಅರ್ಥವಿಲ್ಲ.

ನಿಮ್ಮ ಕೈಯಲ್ಲೇ ಇರುವ ಕೆಲವು ಸಂಗತಿಗಳಿವೆ. ಸ್ಕ್ಯಾನಿಗೆ ಮುಂಚೆ, ಕಾಯಿಸುತ್ತಾರೆಂದು ಬೇಸತ್ತು ಎದುರಿನ ಹೋಟೆಲಿನಲ್ಲಿ ಇರಾನಿ ಚಾಯ್ ಮೇಲೆ ಇರಾನಿ ಚಾಯ್ ಕುಡಿದು ಬರುತ್ತೀರಿ. ಕೆಫೀನ್ ಮೆದುಳಿನ ನಾಳಗಳನ್ನು ಬಿಗಿ ಮಾಡುತ್ತದೆ. ಎರಡು ಮೂರು ಕಪ್ ಗಟ್ಟಿ ಕಾಫಿಯಲ್ಲಿರುವಷ್ಟು ಕೆಫೀನ್ ಹರಿವನ್ನು ಸುಮಾರು ಕಾಲು ಭಾಗ ಇಳಿಸಿದ್ದನ್ನು ಅಳೆದು ನೋಡಿದ್ದಾರೆ. ಯಂತ್ರದ ಸದ್ದಿಗೆ ಹೆದರಿ ಏದುಸಿರು ಬಿಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಹರಿವು ಇನ್ನಷ್ಟು ಇಳಿಯುತ್ತದೆ. ಹಿಮೋಗ್ಲೋಬಿನ್ ಕಡಿಮೆ ಇರುವವರಲ್ಲಿ ಇದರ ಉಲ್ಟಾ, ತೆಳು ರಕ್ತ ಹೆಚ್ಚು ಹರಿಯುತ್ತದೆ. ನಮ್ಮ ಕಡೆಯ ಎಷ್ಟೋ ತಾಯಂದಿರಿಗೆ ರಕ್ತ ಕಡಿಮೆ. ಹಾಗಾಗಿ ಏನು ಕುಡಿದಿರಿ, ಬೀಡಿ ಸೇದಿದಿರಾ, ಹಿಮೋಗ್ಲೋಬಿನ್ ಎಷ್ಟು ಎಂದು ಕೇಳಿದರೆ ಸಿಡುಕಬೇಡಿ. ತಾಳಿ, ಕಾಲುಂಗುರ, ಉಡಿದಾರ, ತಾಯತ ಎಲ್ಲ ಬಿಚ್ಚಲೇಬೇಕು. ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ನಾವು ಮುಟ್ಟುವುದಿಲ್ಲ, ಮನೆಯವರೇ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿರಲಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮಾತ್ರ ಬಾಗಿಲಿನ ಹೊರಗೇ ಹೇಳಿ, ಒಳಗೆ ಬಂದ ಮೇಲೆ ಅಲ್ಲ.

ಇಷ್ಟೆಲ್ಲ ಓದಿ, ಅಳೆದ ಅಂಕಿಯೇ ಅಂತಿಮ ಅಂದುಕೊಳ್ಳುವವರಿಗೆ ಈ ಊರಿನದೇ ಒಂದು ಹಳೇ ಕಥೆ ಹೇಳುತ್ತೇನೆ. ನಮ್ಮ ಮುತ್ತಜ್ಜಂದಿರು ನಿಜಾಮ ಮಹಬೂಬ್ ಅಲಿ ಖಾನನ ಪ್ರಜೆಗಳಾಗಿದ್ದ ಕಾಲ. ಕ್ಲೋರೊಫಾರ್ಮ್ ಕೊಟ್ಟಾಗ ಕೆಲವರು ಸಾಯುವುದು ಹೃದಯ ನಿಂತೋ, ಉಸಿರು ನಿಂತೋ ಎಂದು ತಿಳಿಯಲು ಸರ್ಜನ್ ಎಡ್ವರ್ಡ್ ಲಾರಿ 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎರಡು ಆಯೋಗ ನಡೆಸಿದ. ಎರಡನೆಯದಕ್ಕೆ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯ ಪ್ರತಿನಿಧಿಯಾಗಿ ಲಾಡರ್ ಬ್ರಂಟನ್ ಬರಲೆಂದು ನಿಜಾಮ 1000 ಪೌಂಡ್ ಕೊಟ್ಟ. ನೂರಾರು ಪ್ರಾಣಿಗಳ, ಹೆಚ್ಚಾಗಿ ನಾಯಿಗಳ, ರಕ್ತದೊತ್ತಡ ಬರೆಸಿದರು. ಉಸಿರು ನೋಡಿಕೊಂಡರೆ ಸಾಕು, ಹೃದಯಕ್ಕೆ ನೇರ ಅಪಾಯವಿಲ್ಲ ಎಂದು ತೀರ್ಮಾನವಾಯಿತು. 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳಲ್ಲಿ ತೋರಿಸಿದ್ದು ಬೇರೆಯೇ: ಅರೆಬರೆ ಕ್ಲೋರೊಫಾರ್ಮಿನಲ್ಲಿ ಹೃದಯವೇ ತಾಳ ತಪ್ಪಿ ನಿಲ್ಲಬಲ್ಲದು. ಹೈದರಾಬಾದಿನಲ್ಲಿ ಅಳತೆಗೆ ಬರವಿರಲಿಲ್ಲ. ಸಾವು ಸಂಭವಿಸುವ ಸ್ಥಿತಿಯನ್ನೇ ಅವರು ಅಳೆದಿರಲಿಲ್ಲ, ಅಷ್ಟೆ.

ಹರಿವಿನ ಚಿತ್ರದಲ್ಲೂ ಹಾಗೆ ಅಳತೆಯ ಹೊರಗೆ ಉಳಿಯುವ ಒಂದು ಜಾಗ ಇದೆ. ನಿಮ್ಸ್‌ನ ಅದೇ ಲಕ್ವ ದಾಖಲೆಯ 608 ರೋಗಿಗಳನ್ನು ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ನೋಡಿ 2016ರಲ್ಲಿ ಪ್ರಕಟಿಸಿದರು. ಲಕ್ವದ ಬಳಿಕ ನೆನಪು, ಗಮನ, ಯೋಚನೆ ನೆಟ್ಟಗೆ ಉಳಿದವರು ಒಂದೇ ಭಾಷೆ ಬಲ್ಲವರಲ್ಲಿ ಶೇ. 19.6, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಶೇ. 40.5. ಮಾತೇ ಬಿದ್ದುಹೋಗುವ ತೊಂದರೆಯಲ್ಲಿ ಮಾತ್ರ ಇಬ್ಬರಿಗೂ ವ್ಯತ್ಯಾಸ ಕಾಣಲಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ, ಬೀಗರೊಂದಿಗೆ ಮರಾಠಿಯೋ ತೆಲುಗೋ ಆಡುವ ನಮ್ಮವರಿಗೆ ಇದು ಸಣ್ಣ ಸಮಾಧಾನ. ಇದರಿಂದ ನಾನು ತಿಳಿದುಕೊಂಡದ್ದು: ಒಂದೇ ಅಳತೆಯ ಕಪ್ಪು ಮಚ್ಚೆ ಇಬ್ಬರ ಚಿತ್ರದಲ್ಲಿದ್ದರೂ ಆರು ತಿಂಗಳ ಮೇಲೆ ಇಬ್ಬರೂ ಒಂದೇ ಥರ ಇರುವುದಿಲ್ಲ. ಚಿತ್ರ ನೋಡಿ ‘ಇನ್ನ ಮುಗೀತು’ ಎಂದು ಫಿಸಿಯೊಥೆರಪಿ ಬಿಟ್ಟುಬಿಡಬೇಡಿ.

ಇನ್ನೊಂದು ಬಿನ್ನಹ, ರೋಗಿಗಳಿಗಲ್ಲ, ಜೊತೆಗೆ ಬರುವ ಗಟ್ಟಿಮುಟ್ಟಾದವರಿಗೆ. 2019ರಲ್ಲಿ ಇಲ್ಲಿನ ಐಐಐಟಿಯ ಜಯಂತಿ ಶಿವಸ್ವಾಮಿ ಅವರ ತಂಡ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಜೊತೆ ಸೇರಿ, ನೂರು ಭಾರತೀಯರ ಎಂಆರ್‌ಐಯಿಂದ ಒಂದು ಮೆದುಳಿನ ನಕ್ಷೆ ಮಾಡಿತು. ಪಾಶ್ಚಾತ್ಯರ ನಕ್ಷೆಗಿಂತ ನಮ್ಮ ಸರಾಸರಿ ಮೆದುಳು ಎತ್ತರ, ಅಗಲ, ಗಾತ್ರದಲ್ಲಿ ಚಿಕ್ಕದೆಂದು ಕಂಡಿತು. ಅದು ಆಕಾರದ ನಕ್ಷೆ. ಹರಿವಿಗೂ ನಮ್ಮವರದೇ ಅಳತೆಗಳು ಬೇಕು, ಅದಕ್ಕೆ ಆರೋಗ್ಯವಂತರು ಯಂತ್ರದಲ್ಲಿ ಮಲಗಬೇಕು. ಯಾವುದಾದರೂ ಸಂಸ್ಥೆಯ ಸಂಶೋಧಕರು ಒಪ್ಪಿಗೆ ಪತ್ರ ಹಿಡಿದು ಕೇಳಿದರೆ ಓದಿಸಿಕೊಂಡು, ಸರಿ ಅನಿಸಿದರೆ ಹೂಂ ಅನ್ನಿ. ಸೂಜಿಯಿಲ್ಲ, ಎಕ್ಸ್-ರೇ ಇಲ್ಲ. ಅರ್ಧ ಗಂಟೆಯ ಸದ್ದು ಅಷ್ಟೇ.

ಬರುವಾಗ ಹಳೆಯ ಸಿ.ಡಿ., ಫಿಲ್ಮು, ಗುಳಿಗೆಯ ಚೀಟಿ ತನ್ನಿ. ರಿಪೋರ್ಟಿನ ಹಾಳೆ ಒಂದೇ ಸಾಲದು. ಕರ್ನಾಟಕದ ಆರೋಗ್ಯ ಕಾರ್ಡು ಇಲ್ಲಿನ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು ಹೊರಡುವ ಮುಂಚೆಯೇ ಫೋನಿನಲ್ಲಿ ಕೇಳಿಕೊಳ್ಳಿ. ಆಮೇಲೆ ಒಂದು ಚೀಟಿಯಲ್ಲಿ ಟೈಮು ಬರೆದುಕೊಳ್ಳಿ: ರೋಗಿ ಕೊನೆಯ ಸಲ ನೆಟ್ಟಗಿದ್ದದ್ದನ್ನು ಯಾರು, ಎಷ್ಟು ಹೊತ್ತಿಗೆ ನೋಡಿದರು. ‘ಮುಂಜಾನಿ ಎದ್ದಾಗ ಹಿಂಗ ಆಗಿತ್ತು’ ಎಂದರೆ ಲೆಕ್ಕ ಹಿಡಿಯಬೇಕಾದ್ದು ಎದ್ದ ಹೊತ್ತಿನಿಂದಲ್ಲ, ರಾತ್ರಿ ಮಲಗಿದ ಹೊತ್ತಿನಿಂದ. ಎಲ್ಲ ಡಾಕ್ಟರೂ ಮೊದಲು ಕೇಳುವುದು ಅದನ್ನೇ, ಕಾರಿನಲ್ಲಿ ಬಂದ ಐದು ಜನರೂ ಐದು ಟೈಮು ಹೇಳುತ್ತಾರೆ.

ನಿಮ್ಮವ,
ಸ್ಕ್ಯಾನ್ ಕೋಣೆಯ ಕನ್ನಡದವ
ಹೈದರಾಬಾದ್